ಈಗ ಈ ಮಗು ಯಾರ ಕೈಯಲ್ಲಿದೆ?

(ಮೈಸೂರಿನಲ್ಲಿ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದಸರಾ ರಜೆ ಮುಗಿದರೆ ಸಾಕು, ಸ್ಟಾಫ್ ರೂಮಿನಲ್ಲಿ ಟೂರಿನ ಮಾತು ಶುರುವಾಗುತ್ತದೆ. ಈ ಸಲ ಎಲ್ಲಿಗೆ, ಬಸ್ಸು ಯಾವುದು, ತಲೆಗೆ ಎಷ್ಟು ಬೀಳುತ್ತದೆ. ಡಿಸೆಂಬರ್ ಹೊತ್ತಿಗೆ ನಮ್ಮ ಮೈಸೂರಿನ ಝೂ ಮುಂದೆ, ಅರಮನೆ ಮುಂದೆ ಶಾಲಾ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಅದೇ ಹೊತ್ತಿಗೆ ವಿಕಲಚೇತನ ಮಕ್ಕಳಿರುವ ಕೆಲವು ಮನೆಗಳಿಗೆ ಶಾಲೆಯಿಂದ ಒಂದು ಫೋನ್ ಹೋಗುತ್ತದೆ. "ನಮಗೇನೂ ಇಲ್ಲಮ್ಮ, ಕರ್ಕೊಂಡು ಹೋಗ್ಬಹುದು. ಆದ್ರೆ ಸೇಫ್ಟಿ ನೋಡ್ಬೇಕಲ್ಲ, ಈ ಸಲ ಮನೇಲೇ ಇರ್ಲಿ ಬಿಡಿ." ತಾಯಿ "ಆಯ್ತು ಸಾರ್" ಅನ್ನುತ್ತಾಳೆ. ಟೂರ್ ಮುಗಿಸಿ ಬಂದ ಕ್ಲಾಸೆಲ್ಲ ಜಿರಾಫೆಯ ಮಾತಾಡುವಾಗ ಒಂದು ಮಗುವಿನ ಹತ್ತಿರ ಮಾತ್ರ ಹೇಳಲು ಏನೂ ಇರುವುದಿಲ್ಲ.

ಮಗುವನ್ನು ಬಿಟ್ಟು ಹೋಗುವುದನ್ನು ಸುರಕ್ಷತೆ ಅಂತ ನಾನು ಒಪ್ಪುವುದಿಲ್ಲ. ಕಾನೂನೂ ಒಪ್ಪುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಮಾತು, ಬೆರೆಯುವುದು ಕಷ್ಟವಾಗುವ ಆಟಿಸಂ, ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ತೊಂದರೆ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು ಎಲ್ಲವೂ ಅದರಲ್ಲಿ ಬರುತ್ತವೆ. ಅದರ 16ನೇ ಸೆಕ್ಷನ್ ಸರ್ಕಾರದ ದುಡ್ಡಿನಲ್ಲಿ ನಡೆಯುವ ಅಥವಾ ಸರ್ಕಾರದ ಮಾನ್ಯತೆ ಇರುವ ಶಾಲೆಗಳ ಬಗ್ಗೆ ಮಾತಾಡುತ್ತದೆ. ಪಾಠ ಮಾತ್ರ ಅಲ್ಲ, ಆಟ ಮತ್ತು ಮನರಂಜನೆಯಲ್ಲೂ ಈ ಮಕ್ಕಳಿಗೆ ಉಳಿದವರಷ್ಟೇ ಅವಕಾಶ ಸಿಗಬೇಕು ಅನ್ನುತ್ತದೆ. ಓಡಾಟಕ್ಕೆ ವಾಹನ ಬೇಕು, ಜಾಸ್ತಿ ನೆರವು ಬೇಕಾದ ಮಗುವಿನ ಜೊತೆಗೆ ಬರುವವರಿಗೂ ಅದರಲ್ಲಿ ಜಾಗ ಬೇಕು ಅಂತಲೂ ಹೇಳುತ್ತದೆ. ಪೋಷಕರೇ, ಶಾಲೆಯವರು ಫೋನಿನಲ್ಲಿ "ಬೇಡ" ಅಂದರೆ ನೀವು ಕಾಗದದಲ್ಲಿ ಕೇಳಿ. ಮುಖ್ಯ ಶಿಕ್ಷಕರಿಗೆ ಒಂದು ಪತ್ರ, ಅದರಲ್ಲಿ ಈ ಸೆಕ್ಷನ್ನಿನ ನಂಬರು. ಜಗಳ ಬೇಡ. ಪತ್ರಕ್ಕೆ ಉತ್ತರ ಬರೆಯಬೇಕಾದಾಗ ಜನ ಸ್ವಲ್ಪ ಯೋಚನೆ ಮಾಡುತ್ತಾರೆ.

ಆದರೆ ಫೋನ್ ಮಾಡಿದ ಮೇಷ್ಟ್ರ ಭಯವೂ ಸುಳ್ಳಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಆ ಸುದ್ದಿ ಓದಿದ ಯಾವ ಶಿಕ್ಷಕರಿಗೂ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಕ್ಕಿಲ್ಲ. ಇನ್ನು ಆಟಿಸಂ ಇರುವ ಮಕ್ಕಳ ಬಗ್ಗೆ ಅಮೆರಿಕದಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿದರು. 2012ರಲ್ಲಿ ಅಲ್ಲಿನ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂತು. ನಾಲ್ಕು ವರ್ಷ ದಾಟಿದ ಮೇಲೆ ಒಂದು ಸಲವಾದರೂ ಕೈ ತಪ್ಪಿಸಿಕೊಂಡು ಹೋಗಲು ನೋಡಿದ ಮಕ್ಕಳು ಶೇಕಡ 49. ಹಾಗೆ ಹೋಗಿ, ಆತಂಕವಾಗುವಷ್ಟು ಹೊತ್ತು ಸಿಗದೇ ಇದ್ದವರಲ್ಲಿ ಶೇಕಡ 65ರಷ್ಟು ಮಕ್ಕಳು ವಾಹನಕ್ಕೆ ಸಿಕ್ಕಿಬೀಳುವ ಅಪಾಯದಲ್ಲಿದ್ದರು, ಶೇಕಡ 24ರಷ್ಟು ಮಕ್ಕಳು ನೀರಿಗೆ ಬೀಳುವ ಅಪಾಯದಲ್ಲಿದ್ದರು. ರಸ್ತೆ ಮತ್ತು ನೀರು. ಈ ಎರಡನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಟೂರಿನ ಜಾಗ ಆರಿಸಬೇಕು.

ನಾನು ವಿಶೇಷ ಶಿಕ್ಷಕಿ. ಈ ಮಕ್ಕಳ ಜೊತೆ ಊರೂರು ತಿರುಗಿದ್ದೇನೆ. ಇವತ್ತು ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ. ಟೂರಿನ ಯಾವ ನಿಮಿಷದಲ್ಲಿ ನಿಲ್ಲಿಸಿ "ಈಗ ಈ ಮಗು ಯಾರ ಕೈಯಲ್ಲಿದೆ?" ಅಂತ ಕೇಳಿದರೂ ಒಬ್ಬರ ಹೆಸರು ಬರಬೇಕು. "ನಾವೆಲ್ಲ ನೋಡ್ಕೊಳ್ತಾ ಇದೀವಿ" ಅನ್ನುವ ಉತ್ತರ ಬಂದರೆ ನನಗೆ ಎದೆ ಝಲ್ ಅನ್ನುತ್ತದೆ. ಎಲ್ಲರೂ ನೋಡುತ್ತಿದ್ದಾರೆ ಅಂತ ಪ್ರತಿಯೊಬ್ಬರೂ ನಂಬಿ ತಮ್ಮ ತಮ್ಮ ಕೆಲಸಕ್ಕೆ ಹೋಗಿರುತ್ತಾರೆ.

ಮಗು ಕೈ ತಪ್ಪುವುದು ಯಾವಾಗ ಅಂತ ಗಮನಿಸಿದ್ದೀರಾ? ಸಾಲಾಗಿ ನಡೆಯುವಾಗ ತಪ್ಪುವುದು ಕಡಿಮೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ತಪ್ಪುತ್ತದೆ. ಬಸ್ಸು ಇಳಿಯುವಾಗ, ಟಿಕೆಟ್ ಕೌಂಟರಿನ ಮುಂದೆ, ಟಾಯ್ಲೆಟ್ ಹತ್ತಿರ, ಊಟ ಬಡಿಸುವಾಗ, ಗ್ರೂಪ್ ಫೋಟೋ ತೆಗೆಯುವಾಗ.

ಅರಮನೆಯ ಚಪ್ಪಲಿ ಸ್ಟ್ಯಾಂಡನ್ನೇ ತೆಗೆದುಕೊಳ್ಳಿ. ನಮ್ಮ ಮೈಸೂರು ಅರಮನೆಯ ಒಳಗೆ ಬರಿಗಾಲಲ್ಲಿ ಹೋಗಬೇಕು ಅಲ್ವಾ. ನಲವತ್ತು ಮಕ್ಕಳು ಒಟ್ಟಿಗೆ ಬಗ್ಗಿ ಶೂ ಬಿಚ್ಚುತ್ತಾರೆ. ಯಾರದೋ ಲೇಸು ಗಂಟಾಗಿದೆ, ಯಾರದೋ ಸಾಕ್ಸು ಒದ್ದೆ. ಒಂದು ಹುಡುಗಿಗೆ ಕಾಲಿಗೆ ಕ್ಯಾಲಿಪರ್, ಅಂದರೆ ನಿಲ್ಲಲು ಆಸರೆ ಕೊಡುವ ಪಟ್ಟಿ ಇದೆ. ಅದು ಶೂ ಒಳಗೇ ಕೂರುತ್ತದೆ. ಶೂ ಬಿಚ್ಚಿದರೆ ಅವಳಿಗೆ ನಿಲ್ಲಲು ಆಗುವುದಿಲ್ಲ. ಮಿಸ್ ಬಗ್ಗಿ ಅವಳ ಪಟ್ಟಿ ಬಿಚ್ಚುವುದೋ ಬೇಡವೋ ಅಂತ ಸೆಕ್ಯುರಿಟಿಯವರ ಹತ್ತಿರ ಕೇಳುತ್ತಿದ್ದಾರೆ. ಅದುವರೆಗೆ ಅವರ ಎಡಗೈ ಹಿಡಿದಿದ್ದ ಆಟಿಸಂ ಇರುವ ಹುಡುಗ ಈಗ ಒಬ್ಬನೇ. ಅವನಿಗೆ ಬರಿಗಾಲಿಗೆ ಕಲ್ಲು ತಾಗಿದರೆ ಆಗದು. ಜನರ ಗದ್ದಲ ಬೇರೆ. ಅವನು ತಿರುಗಿ, ಬಂದ ದಾರಿಯಲ್ಲೇ ಬಸ್ಸಿನ ಕಡೆ ಹೊರಟ. ಯಾರ ತಪ್ಪೂ ಇಲ್ಲ. ಮಿಸ್ ಕೆಲಸ ಮಾಡುತ್ತಲೇ ಇದ್ದರು. ಆದರೆ ಆ ಅರ್ಧ ನಿಮಿಷ ಅವನು ಯಾರ ಕೈಯಲ್ಲೂ ಇರಲಿಲ್ಲ.

ಇದಕ್ಕೆ ಉಪಾಯ ತುಂಬಾ ಸುಲಭ. ಬಾಯಿ ಬಿಟ್ಟು ಹೇಳಿ ಒಪ್ಪಿಸುವುದು. "ಸರ್, ಇವನು ಈಗ ನಿಮ್ಮ ಕೈಗೆ." ಅವರು ಮಗುವನ್ನು ಹಿಡಿದು "ನನ್ನ ಕೈಗೆ ಬಂದ" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಮೊದಲಿನವರು ಕೈ ಬಿಡಬಾರದು. ಸುಮ್ನೆ ಕಣ್ಸನ್ನೆ ಮಾಡಿ ಹೋಗುವುದು ಬೇಡ. ಮೊದಲ ದಿನ ನಗು ಬರುತ್ತದೆ, ನಾಟಕ ಅನ್ನಿಸುತ್ತದೆ. ಅಭ್ಯಾಸವಾದರೆ ಹಾಗೆ ಹೇಳದೆ ಇರಲು ಆಗುವುದಿಲ್ಲ. ಇನ್ನು ಆ ಮಗುವಿನ ಜೊತೆಗಿರುವವರಿಗೆ ಅವತ್ತು ಬೇರೆ ಯಾವ ಕೆಲಸವೂ ಇರಕೂಡದು. ಟಿಕೆಟ್ ಅವರದಲ್ಲ, ತಿಂಡಿ ಲೆಕ್ಕ ಅವರದಲ್ಲ, ಫೋಟೋ ಅಂತೂ ಅಲ್ಲವೇ ಅಲ್ಲ. ಪೂರ್ತಿ ದಿನ ಒಬ್ಬರೇ ಇರಲೂಬಾರದು. ಒಂದೇ ಮಗುವಿನ ಮೇಲೆ ಎರಡು ಗಂಟೆ ಕಣ್ಣಿಟ್ಟವರ ಗಮನ ಮೂರನೇ ಗಂಟೆಗೆ ಜಾರುತ್ತದೆ. ಇಬ್ಬರು ಬದಲಾಯಿಸಿಕೊಳ್ಳಲಿ, ಬದಲಾದಾಗಲೆಲ್ಲ ಆ ಎರಡು ಮಾತು ಆಡಲಿ.

ಈಗ ಟೂರಿಗೆ ಮುಂಚಿನ ವಿಷಯಕ್ಕೆ ಬರೋಣ. ಶಾಲೆಗಳು ಪೋಷಕರ ಕೈಯಲ್ಲಿ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತವೆ. "ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ" ಅಂತ ಒಂದು ಸಾಲು ಇರುತ್ತದೆ. ಆ ಸಾಲಿನಿಂದ ಮಗುವಿಗೆ ಮೂರು ಕಾಸಿನ ಪ್ರಯೋಜನ ಇಲ್ಲ. ಅದರ ಬದಲು ತಂದೆ ತಾಯಿಯನ್ನು ಕೂರಿಸಿಕೊಂಡು ಒಂದು ಪುಟ ಬರೆದುಕೊಳ್ಳಿ. "ಓಡಿ ಹೋಗ್ತಾನಾ?" ಅಂತ ಕೇಳಿದರೆ ತಾಯಿ ಹೆದರಿ "ಇಲ್ಲ ಸರ್" ಅಂದುಬಿಡುತ್ತಾಳೆ. ಹೌದು ಅಂದರೆ ಕರೆದುಕೊಂಡು ಹೋಗುವುದಿಲ್ಲ ಅಂತ ಅವಳಿಗೆ ಗೊತ್ತು. "ಅವನಿಗೆ ಏನು ಕಂಡರೆ ಪ್ರಾಣ?" ಅಂತ ಕೇಳಿ ನೋಡಿ. ಆಗ ನಿಜ ಹೊರಗೆ ಬರುತ್ತದೆ. ನೀರು ಅನ್ನುತ್ತಾಳೆ. ಲಿಫ್ಟ್ ಅನ್ನುತ್ತಾಳೆ. ಕೆಂಪು ಬಸ್ಸು ಅನ್ನುತ್ತಾಳೆ. ಈ ಮಕ್ಕಳು ಎಷ್ಟೋ ಸಲ ನಮ್ಮಿಂದ ತಪ್ಪಿಸಿಕೊಂಡು ಓಡುವುದಿಲ್ಲ, ತಮಗೆ ಬೇಕಾದ ಕಡೆಗೆ ಹೋಗುತ್ತಾರೆ. ಬಸ್ಸಿನ ಹುಚ್ಚಿರುವ ಹುಡುಗ ಪಾರ್ಕಿಂಗಿನಲ್ಲಿ ಬೇರೆ ಊರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಆರಾಮವಾಗಿ ಕೂತುಬಿಡಬಹುದು. ಅದು ಮೊದಲೇ ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಹುಡುಕಬೇಕು ಎರಡೂ ಗೊತ್ತಾಗುತ್ತದೆ.

ಅದೇ ಪುಟದಲ್ಲಿ ಯಾವ ಸದ್ದಿಗೆ ಹೆದರುತ್ತಾನೆ, ಹಸಿವು, ಉಚ್ಚೆ, ನೋವು ಇವನ್ನು ಹೇಗೆ ತಿಳಿಸುತ್ತಾನೆ, ಯಾವ ಮಾತ್ರೆ ಎಷ್ಟು ಗಂಟೆಗೆ, ಸಿಟ್ಟು ಬರುವ ಮುಂಚೆ ಏನು ಮಾಡುತ್ತಾನೆ ಎಲ್ಲ ಇರಲಿ. ಕೊನೆಯದು ಬಹಳ ಮುಖ್ಯ. ಹೊರಗಿನವರಿಗೆ ಮಗು ಇದ್ದಕ್ಕಿದ್ದಂತೆ ಕಿರುಚಿದ ಹಾಗೆ ಕಾಣುತ್ತದೆ. ತಾಯಿಗೆ ಹತ್ತು ನಿಮಿಷ ಮುಂಚೆಯೇ ಗೊತ್ತಿರುತ್ತದೆ. ಕಿವಿ ಉಜ್ಜಿಕೊಳ್ಳಲು ಶುರು ಮಾಡಿದ, ಗುನುಗುವುದು ಜೋರಾಯಿತು, ಕಾಲಿನ ತುದಿಯಲ್ಲಿ ನಡೆಯಲು ಹತ್ತಿದ. ಅದು ಕಂಡ ಕೂಡಲೇ ಗುಂಪಿನಿಂದ ಪಕ್ಕಕ್ಕೆ ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸಿದರೆ ಮುಂದಿನದು ತಪ್ಪುತ್ತದೆ.

ಮಗುವನ್ನೂ ತಯಾರು ಮಾಡಬೇಕು. ಮೊದಲು ಶಾಲೆಯ ಹತ್ತಿರದ ಅಂಚೆ ಕಚೇರಿಗೆ ನಡೆದು ಹೋಗಿ ಬನ್ನಿ. ಆಮೇಲೆ ಊರಿನ ಸಂತೆ. ಆಮೇಲೆ ಬಸ್ಸಿನಲ್ಲಿ ಪಕ್ಕದ ಊರಿನ ಕೆರೆ ದಂಡೆ ಬಿಟ್ಟು ಬೇರೆ ಯಾವುದಾದರೂ ಜಾಗ. ಸಾಲಿನಲ್ಲಿ ನಿಲ್ಲುವುದು, "ನಿಲ್ಲು" ಅಂದಾಗ ನಿಲ್ಲುವುದು, ದಾರಿ ತಪ್ಪಿದರೆ ಅಲ್ಲೇ ನಿಂತು ಕೊರಳಿನ ಕಾರ್ಡ್ ತೋರಿಸುವುದು ಇವನ್ನೆಲ್ಲ ಅಲ್ಲಿ ಕಲಿಸಬಹುದು. ಝೂಗೆ ಹೋಗುವುದಾದರೆ ದಿನದ ಕ್ರಮವನ್ನು ಚಿತ್ರಗಳಲ್ಲಿ ಅಂಟಿಸಿ ಕೊಡಿ. ಬಸ್ಸು, ಇಡ್ಲಿ, ಆನೆ, ಹುಲಿ, ಊಟ, ಬಸ್ಸು, ಮನೆ. ಒಂದೊಂದು ಮುಗಿದ ಹಾಗೆ ಮಗು ಆ ಚಿತ್ರ ಕಿತ್ತು ನಿಮ್ಮ ಕೈಗೆ ಕೊಡಲಿ. ಇನ್ನು ಎಷ್ಟು ಹೊತ್ತು ಅನ್ನುವುದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಆಗುವ ಹಾಗಿದ್ದರೆ ಅಪ್ಪ ಅಮ್ಮ ಒಂದು ಸಲ ಮೊದಲೇ ಅದೇ ಜಾಗಕ್ಕೆ, ಜನ ಕಡಿಮೆ ಇರುವ ದಿನ ಕರೆದುಕೊಂಡು ಹೋಗಿ ಬರಲಿ. ನಮ್ಮ ಝೂಗೆ ಮಂಗಳವಾರ ರಜೆ, ಅದನ್ನು ಬಿಟ್ಟು ವಾರದ ನಡುವಿನ ದಿನ ಒಳ್ಳೆಯದು. ಅಲ್ಲಿ ಬ್ಯಾಟರಿ ಗಾಡಿ ಇದೆ. ನಡೆಯಲಾಗದ ಮಗುವಿಗೆ ಅದನ್ನು ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ಡಿಸೆಂಬರಿನ ಶನಿವಾರ ಹೋಗಿ ಗೇಟಿನಲ್ಲಿ ನಿಂತು ಕೇಳಿದರೆ ಸಿಗುವುದು ಕಷ್ಟ.

ಟೂರಿನ ದಿನದ ಬಗ್ಗೆ ಹೇಳುವಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗುವುದು ಹೊರಡುವ ಟೈಮಿನದು. ನಮ್ಮಲ್ಲಿ ಬಸ್ಸು ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತದೆ. ಮಗು ಮೂರಕ್ಕೆ ಎದ್ದಿರುತ್ತದೆ. ಖುಷಿಗೆ ರಾತ್ರಿ ನಿದ್ದೆಯೂ ಮಾಡಿರುವುದಿಲ್ಲ. ಫಿಟ್ಸ್ ಇರುವ ಮಗುವಾದರೆ ದಿನಾ ಎಂಟು ಗಂಟೆಗೆ ತಿಂಡಿ ತಿಂದು ಮಾತ್ರೆ ನುಂಗುತ್ತದೆ. ಅವತ್ತು ತಿಂಡಿಗೆ ನಿಲ್ಲಿಸಬೇಕಾದ ಹೋಟೆಲಿನಲ್ಲಿ ರಶ್, ಮುಂದೆ ನೋಡೋಣ ಅಂತ ಡ್ರೈವರ್ ಹೋಗುತ್ತಾರೆ, ತಿಂಡಿ ಹತ್ತೂವರೆಗೆ ಆಗುತ್ತದೆ. ಮಾತ್ರೆ ಅಮ್ಮ ಕೊಟ್ಟ ಬ್ಯಾಗಿನಲ್ಲಿ, ಬ್ಯಾಗು ಬಸ್ಸಿನ ಡಿಕ್ಕಿಯಲ್ಲಿ. ಫಿಟ್ಸ್ ಬರುವುದಕ್ಕೆ ನಿದ್ದೆಗೆಡುವುದು ಒಂದು ಕಾರಣ, ಮಾತ್ರೆ ತಪ್ಪುವುದು ಇನ್ನೊಂದು. ನಾವು ಎರಡನ್ನೂ ಒಟ್ಟಿಗೆ ಮಾಡಿರುತ್ತೇವೆ. ಘಾಟಿ ದಾರಿಯಾದರೆ ನುಂಗಿದ ಮಾತ್ರೆ ವಾಂತಿಯಲ್ಲಿ ಹೋಗಬಹುದು. ಹಾಗಾದರೆ ಮತ್ತೆ ಕೊಡಬೇಕೋ ಬೇಡವೋ ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿ ಅದೇ ಪುಟದಲ್ಲಿ ಬರೆದಿಡಿ. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಟೋಪಿರಮೇಟ್‌ನಂಥ ಕೆಲವು ಫಿಟ್ಸ್ ಮಾತ್ರೆಗಳು ಬೆವರು ಬರುವುದನ್ನು ಕಡಿಮೆ ಮಾಡುತ್ತವೆ. ಅಂಥ ಮಗು ಬಿಸಿಲಲ್ಲಿ ಬೇಗ ಕಾಯುತ್ತದೆ. ಮಧ್ಯಾಹ್ನ ಹಂಪಿಯ ಬಂಡೆ ಮೇಲೆ, ಶ್ರವಣಬೆಳಗೊಳದ ಮೆಟ್ಟಿಲ ಮೇಲೆ ಆ ಮಗುವನ್ನು ನಡೆಸಬೇಡಿ.

ಫಿಟ್ಸ್ ಬಂದೇಬಿಟ್ಟರೆ? ಮೊದಲು ಗಡಿಯಾರ ನೋಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಮಡಿಸಿದ ಬಟ್ಟೆ ಇಡಿ, ಕೊರಳಿನ ಗುಂಡಿ ಬಿಚ್ಚಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಯಾರಾದರೂ ಬೀಗದ ಕೈ ತಂದು ಮಗುವಿನ ಕೈಗೆ ತುರುಕುತ್ತಾರೆ, ಈರುಳ್ಳಿ ಮೂಸಿಸಲು ಬರುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಆ ಹೊತ್ತು ಮಾತ್ರ ಹಾಳಾಗುತ್ತದೆ. ಐದು ನಿಮಿಷ ದಾಟಿದರೆ, ಅಥವಾ ನಿಂತು ಎಚ್ಚರವಾಗದೆ ಮತ್ತೆ ಶುರುವಾದರೆ 108ಕ್ಕೆ ಫೋನ್ ಮಾಡಿ. ಡಾಕ್ಟರು ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅದು ಜೊತೆಗಿರುವವರ ಸೊಂಟದ ಚೀಲದಲ್ಲಿ ಇರಬೇಕು, ಡಿಕ್ಕಿಯಲ್ಲಿ ಅಲ್ಲ. ಹಾಕುವುದು ಹೇಗೆ ಅಂತ ತಾಯಿ ಹತ್ತಿರ ಮೊದಲೇ ನೋಡಿ ಕಲಿತಿರಬೇಕು.

ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಬೇಡ. ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಕಿಟಕಿ ಕಡೆ ಮಗು, ಈಚೆ ದೊಡ್ಡವರು. ಕೂತರೆ ವಾಲುವ ಮಗುವಿಗೆ ಎರಡೂ ಕಡೆ ದಿಂಬು ಕೊಟ್ಟು, ಎದೆಗೆ ಅಗಲವಾದ ಪಟ್ಟಿ ಹಾಕಿ ಸೀಟಿಗೆ ಸೇರಿಸಿ. ತೊಡೆ ಮೇಲೆ ಕೂರಿಸಿಕೊಂಡರೆ ಬ್ರೇಕ್ ಹಾಕಿದಾಗ ಇಬ್ಬರೂ ಮುಂದಕ್ಕೆ ಹೋಗುತ್ತೀರಿ. ಎತ್ತುವಾಗ ಕಂಕುಳಿಗೆ ಕೈ ಹಾಕಿ ಜಗ್ಗಬೇಡಿ. ಇಬ್ಬರು ಸೇರಿ ಎತ್ತಿ, ಎತ್ತುವ ಮುಂಚೆ "ಎತ್ತಲಾ?" ಅಂತ ಮಗುವನ್ನೇ ಕೇಳಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಮೂಳೆ ಸಡಿಲವಾಗಿರುತ್ತದೆ. ಕತ್ತು ಜರ್ಕ್ ಹೊಡೆಯುವ ಆಟದ ಗಾಡಿಗಳಿಗೆ ಅವರನ್ನು ಹತ್ತಿಸುವ ಮುಂಚೆ ಡಾಕ್ಟರನ್ನು ಕೇಳಿರಬೇಕು. ಕಿವಿ ಕೇಳದ ಮಗುವಿಗೆ ನಿಮ್ಮ ಸೀಟಿಯೂ ಇಲ್ಲ, ಹಿಂದಕ್ಕೆ ಬರುವ ಬಸ್ಸಿನ ಸದ್ದೂ ಇಲ್ಲ. ಪಾರ್ಕಿಂಗಿನಲ್ಲಿ ಅವರ ಕೈ ಹಿಡಿದೇ ಇರಬೇಕು, ವಯಸ್ಸು ಎಷ್ಟೇ ಇರಲಿ. ಇನ್ನು ಊಟ. ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಿಗೆ ನುಂಗುವುದೇ ಕಷ್ಟ. ಎಲ್ಲರಿಗೂ ಕೊಟ್ಟ ಚಿತ್ರಾನ್ನದ ಕಡಲೆಬೀಜ ಅವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮನೆಯಿಂದ ಮೆತ್ತಗಿನ ಮೊಸರನ್ನ ತರಿಸಿ. ಓಡುವ ಬಸ್ಸಿನಲ್ಲಿ ತಿನ್ನಿಸಬೇಡಿ.

ತಲೆ ಎಣಿಸುವುದರ ಬಗ್ಗೆ ಒಂದು ಮಾತು. "ನಲವತ್ತೆರಡು ಇದಾರೆ, ಸರಿ ಇದೆ, ಹೊರಡಿ." ಇದು ಸಾಲದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ರಾಜ್ಯಕ್ಕೆಲ್ಲ ಒಂದೇ ಯೂನಿಫಾರಂ. ಝೂ ಗೇಟಿನಲ್ಲಿ ನಾಲ್ಕು ಊರಿನ ಮಕ್ಕಳು ಒಟ್ಟಿಗೆ ಬಂದರೆ ಅವರ ಮಗು ನಿಮ್ಮ ಸಾಲಿಗೆ ಸೇರಿ, ನಿಮ್ಮ ಮಗು ಅವರ ಸಾಲಿಗೆ ಹೋದರೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಹೆಸರು ಕೂಗಿ, ಮುಖ ನೋಡಿ. ಮಾತು ಬಾರದ ಮಗು "ಪ್ರೆಸೆಂಟ್" ಅನ್ನುವುದಿಲ್ಲ, ಅದರ ಪರವಾಗಿ ಪಕ್ಕದ ಹುಡುಗ ಕೂಗುವುದೂ ಬೇಡ. ಜೊತೆಗಿರುವವರು ಕೈ ಎತ್ತಿ ತೋರಿಸಲಿ. ಯೂನಿಫಾರಂ ಮೇಲೆ ಎಲ್ಲ ಮಕ್ಕಳಿಗೂ ಒಂದೇ ಬಣ್ಣದ ಟೋಪಿಯೋ ರಿಬ್ಬನ್ನೋ ಇದ್ದರೆ ದೂರದಿಂದ ಕಾಣುತ್ತದೆ. ವಿಶೇಷ ಮಗುವಿಗೆ ಮಾತ್ರ ಬೇರೆ ಬಣ್ಣ ಹಾಕಬೇಡಿ. ಅದು ಅವನನ್ನು ಎಲ್ಲರ ಕಣ್ಣಿಗೆ ಬೀಳಿಸುತ್ತದೆ, ಕೆಟ್ಟವರ ಕಣ್ಣಿಗೂ. ಅದೇ ಕಾರಣಕ್ಕೆ ಎದೆ ಮೇಲೆ ದೊಡ್ಡದಾಗಿ ಹೆಸರು ಬರೆಯುವುದೂ ನನಗೆ ಇಷ್ಟವಿಲ್ಲ. ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ಹೋಗಿಬಿಡಬಹುದು. ಫೋನ್ ನಂಬರು ಸಾಕು, "ನನಗೆ ಮಾತು ಬರುವುದಿಲ್ಲ, ಈ ನಂಬರಿಗೆ ಫೋನ್ ಮಾಡಿ" ಅಂತ. ಕೊರಳಿನ ಟ್ಯಾಗ್ ಕಿತ್ತು ಬಿಸಾಡುವ ಮಗುವಿಗೆ ಅಂಗಿಯ ಒಳಗೆ ಹೊಲಿದು, ತೋಳಿನ ಮೇಲೆ ಪೆನ್ನಿನಲ್ಲೂ ಬರೆಯಿರಿ.

ಮಗು ಇರುವ ಜಾಗ ತೋರಿಸುವ ಜಿಪಿಎಸ್ ವಾಚು, ಏರ್‌ಟ್ಯಾಗ್ ಬಗ್ಗೆ ಪೋಷಕರು ಕೇಳುತ್ತಿರುತ್ತಾರೆ. ಕೊಡಿಸುವ ಶಕ್ತಿ ಇದ್ದರೆ ಕೊಡಿಸಿ. ಆದರೆ ವಾಚಿಗೆ ಸಿಮ್ ಸಿಗ್ನಲ್ ಬೇಕು, ಏರ್‌ಟ್ಯಾಗ್‌ಗೆ ಹತ್ತಿರದಲ್ಲಿ ಅದನ್ನು ಗುರುತಿಸುವ ಫೋನುಗಳು ಬೇಕು. ಆಗುಂಬೆ ಘಾಟಿಯಲ್ಲಿ ಎರಡನ್ನೂ ನಂಬಿ ಕೂರಲಾಗದು. ಹುಡುಕುವಾಗ ಅವು ನೆರವಾಗುತ್ತವೆ ಅಷ್ಟೇ.

ಜಾಗದ ಆಯ್ಕೆಯಲ್ಲಿ ನನ್ನದು ಖಡಕ್ ಅಭಿಪ್ರಾಯ. ಒಂದೇ ದಿನ ಶ್ರೀರಂಗಪಟ್ಟಣ, ಝೂ, ಅರಮನೆ, ಚಾಮುಂಡಿ ಬೆಟ್ಟ, ಕೊನೆಗೆ ಕೆಆರ್‌ಎಸ್ ಅನ್ನುವ ಟೂರ್ ಯಾವ ಮಗುವಿಗೂ ಒಳ್ಳೆಯದಲ್ಲ. ನಮ್ಮ ಮಕ್ಕಳಿಗಂತೂ ಅದು ಅಪಾಯ. ಬೃಂದಾವನದ ಸಂಗೀತ ಕಾರಂಜಿ ಯೋಚಿಸಿ ನೋಡಿ. ಬೆಳಗಿನ ಜಾವದಿಂದ ತಿರುಗಿ ಸುಸ್ತಾದ ಮಗು. ಸುತ್ತ ಕತ್ತಲೆ. ಜೋರು ಹಾಡು, ನೂಕುನುಗ್ಗಲು, ಎಲ್ಲಿ ನೋಡಿದರೂ ನೀರು. ಮಗು ತಪ್ಪಿಸಿಕೊಳ್ಳಲು ಏನೇನು ಬೇಕೋ ಎಲ್ಲವನ್ನೂ ನಾವೇ ದಿನದ ಕೊನೆಗೆ, ಟೀಚರುಗಳಿಗೂ ಕಾಲೆಳೆಯುವ ಹೊತ್ತಿಗೆ ಇಟ್ಟಿರುತ್ತೇವೆ. ಕಾರಂಜಿ ಬಿಡಿ. ಎರಡು ಜಾಗ ನೋಡಿ, ಬೆಳಕಿರುವಾಗಲೇ ಬಸ್ಸು ಹತ್ತಿ. ಶ್ರೀರಂಗಪಟ್ಟಣಕ್ಕೆ ಹೋದರೆ ಟಿಪ್ಪುವಿನ ಬೇಸಿಗೆ ಅರಮನೆ ನೋಡಿ, ಸಂಗಮದ ಮೆಟ್ಟಿಲು ಇಳಿಯಬೇಡಿ. ನೀರಿನ ಹುಚ್ಚಿರುವ ಮಗು ಇದ್ದರೆ ಕಡಲು, ಹೊಳೆ, ಜಲಪಾತದ ಟೂರನ್ನು ಇಡೀ ಕ್ಲಾಸಿಗೇ ಬದಲಾಯಿಸಿ. ಒಂದು ಮಗುವಿಗೋಸ್ಕರ ಎಲ್ಲರೂ ಯಾಕೆ ಬಿಡಬೇಕು ಅನ್ನುವವರಿದ್ದಾರೆ. ಮುರುಡೇಶ್ವರದಲ್ಲಿ ಹೋದ ಜೀವಗಳನ್ನು ನೆನೆದರೆ, ನೀರಿನ ಜಾಗ ಬಿಡುವುದರಿಂದ ಎಲ್ಲ ಮಕ್ಕಳಿಗೂ ಲಾಭವೇ.

ಇಷ್ಟೆಲ್ಲ ಮಾಡಿಯೂ ಮಗು ಕಾಣಲಿಲ್ಲ ಅಂದುಕೊಳ್ಳಿ. ಎಲ್ಲ ಟೀಚರುಗಳೂ ಒಂದೊಂದು ದಿಕ್ಕಿಗೆ ಓಡುವುದು ದೊಡ್ಡ ಅನಾಹುತ. ಉಳಿದ ಮಕ್ಕಳು ಅನಾಥರಾಗುತ್ತಾರೆ. ಮೊದಲು ಒಬ್ಬರು ನೀರಿನ ಕಡೆ ಹೋಗಬೇಕು. ಕೆರೆ, ಕೊಳ, ಕಾರಂಜಿ, ನೀರಿನ ತೊಟ್ಟಿ ಏನಿದ್ದರೂ ಮೊದಲು ಅಲ್ಲಿ ನೋಡಬೇಕು. ಎರಡನೆಯವರು ಗೇಟಿಗೆ, ರಸ್ತೆ ಕಡೆ. ಬೇರೆ ಕಡೆ ಸಿಗುವ ಮಗುವಿಗೆ ಹತ್ತು ನಿಮಿಷ ತಡವಾದರೂ ಏನೂ ಆಗುವುದಿಲ್ಲ, ಈ ಎರಡು ಕಡೆ ಹಾಗಲ್ಲ. ಒಬ್ಬರು ಸೆಕ್ಯುರಿಟಿಯವರಿಗೆ ಹೇಳಿ, 112ಕ್ಕೆ ಫೋನ್ ಮಾಡಿ. "ಇನ್ನೂ ಸ್ವಲ್ಪ ಹುಡುಕಿ ಆಮೇಲೆ ಪೊಲೀಸರಿಗೆ" ಅಂತ ಮರ್ಯಾದೆಗೆ ಅಂಜಿ ಕಾಯಬೇಡಿ. ಅವತ್ತು ಬೆಳಿಗ್ಗೆ ಬಸ್ಸು ಹತ್ತುವಾಗ ತೆಗೆದ ಫೋಟೋ ಫೋನಿನಲ್ಲಿ ಇರಲಿ, ಅವತ್ತಿನ ಬಟ್ಟೆಯಲ್ಲೇ. ಹೆಸರು ಕೂಗಿದರೆ ಓಗೊಡದ ಮಕ್ಕಳಿದ್ದಾರೆ. ಜೋರು ದನಿಗೆ ಹೆದರಿ ಪೊದೆಯೊಳಗೆ ಮುದುರಿ ಕೂರುವವರೂ ಇದ್ದಾರೆ. ಅವರಿಗೆ ಇಷ್ಟದ ಹಾಡನ್ನು ಫೋನಿನಲ್ಲಿ ಹಾಕಿಕೊಂಡು ನಡೆಯಿರಿ. ಸಿಕ್ಕ ಮೇಲೆ ಹೊಡೆಯಬೇಡಿ, ಬಯ್ಯಬೇಡಿ. ಸಿಕ್ಕಿಹಾಕಿಕೊಂಡರೆ ಪೆಟ್ಟು ಅಂತ ಕಲಿತ ಮಗು ಮುಂದಿನ ಸಲ ಇನ್ನೂ ಚೆನ್ನಾಗಿ ಅಡಗಿಕೊಳ್ಳುತ್ತದೆ.

ಮಗು ನೆಲಕ್ಕೆ ಬಿದ್ದು ಅಳಲು ಶುರು ಮಾಡಿದರೆ ನಮ್ಮ ಜನ ಸುತ್ತ ನೆರೆಯುತ್ತಾರೆ. ಒಬ್ಬರು ಮೈಮೇಲೆ ಬಂದಿದೆ ಅನ್ನುತ್ತಾರೆ, ಒಬ್ಬರು ನೀರು ಚಿಮುಕಿಸಿ ಅನ್ನುತ್ತಾರೆ, ನಾಲ್ಕು ಜನ ಮೊಬೈಲ್ ಎತ್ತುತ್ತಾರೆ. ಆಗ ಇಬ್ಬರು ಬೇಕು. ಒಬ್ಬರು ಮಗುವಿನ ಹತ್ತಿರ, ಮಾತು ಕಡಿಮೆ ಮಾಡಿ ಕೂರಲಿ. ಇನ್ನೊಬ್ಬರಿಗೆ ಜನರನ್ನು ಚದುರಿಸುವುದೇ ಕೆಲಸ. "ದಯವಿಟ್ಟು ಮುಂದೆ ಹೋಗಿ, ಫೋಟೋ ಬೇಡ, ಮಗುವಿಗೆ ಗಾಳಿ ಬೇಕು" ಅಂತ ಗಟ್ಟಿಯಾಗಿ ಹೇಳಲು ಸಂಕೋಚ ಬೇಡ.

ಟಾಯ್ಲೆಟ್ ವಿಷಯ ಯಾರೂ ವೇದಿಕೆಯಲ್ಲಿ ಮಾತಾಡುವುದಿಲ್ಲ. ಬಟ್ಟೆ ಬದಲಿಸಲು, ತೊಳೆಸಲು ನೆರವು ಬೇಕಾದ ಮಗು ತುಂಬಾ ನಂಬಿಕೆಯಿಂದ ಮೈ ಒಪ್ಪಿಸುತ್ತದೆ. ಆದ್ದರಿಂದ ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವುದು ಪೋಷಕರಿಗೆ ಮೊದಲೇ ಗೊತ್ತಿರಬೇಕು. ಅವತ್ತೇ ಮುಖ ನೋಡಿದ ಕ್ಲೀನರೋ, ಯಾರದೋ ಪರಿಚಯದವರೋ ಕೂಡದು. ಬಾಗಿಲ ಹೊರಗೆ ಇನ್ನೊಬ್ಬರು ದೊಡ್ಡವರು ನಿಂತಿರಲಿ. ಮಗುವಿನ ಮಾನ ಉಳಿಯುವ ಹಾಗೆ ಬಾಗಿಲು ಮುಚ್ಚಿರಲಿ, ಆದರೆ ಒಬ್ಬರೇ ದೂರ ಕರೆದುಕೊಂಡು ಹೋಗುವುದು ಬೇಡ. ಮಾತು ಬಾರದ ಮಗು ನಡೆದದ್ದನ್ನು ಬಂದು ಹೇಳಲಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧದ ಪೋಕ್ಸೋ ಕಾಯ್ದೆ 2012ರಿಂದ ಇದೆ ನಿಜ, ಅದು ಬರುವುದು ಆದ ಮೇಲೆ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಎರಡಕ್ಕೆ ಕೊಟ್ಟ ಉತ್ತರ ಇಲ್ಲಿ ಬರೆಯುತ್ತೇನೆ.

"ತಾಯಿ ಜೊತೆಗೆ ಬಂದರೆ ಕರ್ಕೊಂಡು ಹೋಗ್ತೀವಿ ಅಂತಾರೆ. ಬರಲೇಬೇಕಾ?" ಅಂತ ಒಬ್ಬ ತಾಯಿ ಕೇಳಿದರು. ನಿಮಗೆ ಇಷ್ಟವಿದ್ದರೆ, ಕೂಲಿ ಬಿಟ್ಟು ಬರಲು ಆಗುವ ಹಾಗಿದ್ದರೆ ಬನ್ನಿ. ಅದನ್ನು ಷರತ್ತು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಯಾವ ಮಗುವಿನ ಅಮ್ಮನಿಗೂ ಆ ಷರತ್ತು ಇಲ್ಲವಲ್ಲ. ತಾಯಿ ಬಂದಾಗ ಇನ್ನೊಂದು ತೊಂದರೆಯೂ ಇದೆ. ಟೀಚರುಗಳೆಲ್ಲ ಆ ಮಗುವಿನ ಕಡೆ ನೋಡುವುದನ್ನೇ ಬಿಡುತ್ತಾರೆ. ತಾಯಿಯೂ ಒಮ್ಮೆ ಟಾಯ್ಲೆಟ್‌ಗೆ ಹೋಗಬೇಕು ತಾನೆ? ಅವಳು ಬಂದರೂ ಒಪ್ಪಿಸುವ ಮಾತು ತಪ್ಪಕೂಡದು.

ಇನ್ನೊಬ್ಬರು ಹಳ್ಳಿ ಶಾಲೆಯ ಮೇಷ್ಟ್ರು. "ಇರೋದು ಮೂರು ಜನ. ಒಬ್ಬರನ್ನ ಒಂದು ಮಗುಗೇ ಬಿಟ್ರೆ ಉಳಿದ ಐವತ್ತು ಮಕ್ಕಳ ಗತಿ ಏನು?" ನ್ಯಾಯವಾದ ಪ್ರಶ್ನೆ. ಮೂರು ಜನರಲ್ಲಿ ಐವತ್ತು ಮಕ್ಕಳ ದೂರದ ಟೂರ್, ವಿಶೇಷ ಮಗು ಇಲ್ಲದಿದ್ದರೂ ಹೊರಡಬಾರದು. ಮೊದಲು ದೂರ ಕಡಿಮೆ ಮಾಡಿ. ತಾಲ್ಲೂಕಿನಲ್ಲಿ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ, ವಿಶೇಷ ಮಕ್ಕಳಿಗೋಸ್ಕರವೇ ಇರುವವರು. ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರಿಗೆ ಟೂರಿನ ಅನುಮತಿ ಕೇಳಿ ಬರೆಯುವ ಪತ್ರದಲ್ಲೇ ಅವರಲ್ಲೊಬ್ಬರನ್ನು ಜೊತೆಗೆ ಕಳಿಸಿ ಅಂತ ಕೇಳಿ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಮಗುವಿಗೆ ಗುರುತಿರುವ ತಾಯಂದಿರು ಯಾರಾದರೂ ಇದ್ದರೆ ಅವರನ್ನು ಕರೆಯಿರಿ. ಅವರನ್ನೂ ಮೊದಲು ಎರಡು ಸ್ಥಳೀಯ ಓಡಾಟಕ್ಕೆ ಜೊತೆಗೆ ಕರೆದುಕೊಂಡು ಹೋಗಿ. ಮಗುವಿಗೆ ಅವರ ಕೈ ರೂಢಿಯಾಗಬೇಕು. ಅಷ್ಟೆಲ್ಲ ಮಾಡಲು ಒಂದು ತಿಂಗಳಾದರೂ ಬೇಕು, ಹಾಗಾಗಿ ಬಸ್ಸಿಗೆ ಅಡ್ವಾನ್ಸ್ ಕೊಡುವ ಮುಂಚೆ ಆ ಪತ್ರ ಹೋಗಿರಲಿ.